ಹಳೆಯ ವ್ಯಾನಿನೊಳಗೊಂದು ವಾಸ: ಕ್ಯಾಂಪರ್ ವ್ಯಾನಿನ ಒಳವಿನ್ಯಾಸ ಮತ್ತು ಬೆಲೆ

ಹಗಲಿನ ಪ್ರಯಾಣಕ್ಕೂ ರಾತ್ರಿಯ ವಾಸಕ್ಕೂ ಒಂದೇ ವಾಹನ ಒದಗಬೇಕೆಂಬ ಉದ್ದೇಶದಿಂದ ಒಳಭಾಗವನ್ನು ಸಜ್ಜುಗೊಳಿಸಿದ ವ್ಯಾನನ್ನು ಕ್ಯಾಂಪರ್ ವ್ಯಾನ್ ಎಂದು ಕರೆಯುವುದು ವಾಡಿಕೆ. ಸಿನಿಮಾ ಚಿತ್ರೀಕರಣದ ಸ್ಥಳಗಳಲ್ಲಿ ಕಲಾವಿದರಿಗಾಗಿ ನಿಲ್ಲಿಸುವ ಕ್ಯಾರವಾನ್ ಕನ್ನಡಿಗರಿಗೆ ಪರಿಚಿತವೇ ಆದರೂ, ಸಾಧಾರಣ ಆದಾಯದ ಕುಟುಂಬವೊಂದು ಹಳೆಯ ವ್ಯಾನನ್ನು ಕೊಂಡು, ಅದರಲ್ಲಿ ಮಲಗುವ, ಅಡುಗೆ ಮಾಡುವ ಏರ್ಪಾಡು ಮಾಡಿಕೊಂಡು ಊರೂರು ತಿರುಗುವ ಆಸೆಯು ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಈ ಆಸೆ ಸಾರ್ಥಕವಾಗುವುದೂ ಸಾಲದ ಹೊರೆಯಾಗಿ ಪರಿಣಮಿಸುವುದೂ ಬಹುಮಟ್ಟಿಗೆ ಒಂದು ನಿರ್ಧಾರವನ್ನು ಅವಲಂಬಿಸಿವೆ. ವಾಹನದ ಹೊರರೂಪವನ್ನೂ ಮಾರುವವನು ಹೇಳುವ ಬೆಲೆಯನ್ನೂ ಮೊದಲು ನೋಡದೆ, ಅದರೊಳಗೆ ಯಾರು, ಹೇಗೆ, ಎಷ್ಟು ಉದ್ದಕ್ಕೆ ಮಲಗುತ್ತಾರೆ ಎಂಬುದನ್ನು ಮೊದಲು ನಿಶ್ಚಯಿಸಿ, ಬೆಲೆಯ ಲೆಕ್ಕವನ್ನು ಅಲ್ಲಿಂದ ಆರಂಭಿಸಬೇಕು ಎಂಬುದೇ ಈ ಭಾಷಣದ ಮುಖ್ಯ ಪ್ರತಿಪಾದನೆ.

ಭಾರತದ ಮೋಟಾರು ವಾಹನ ಮಾನದಂಡಗಳಲ್ಲಿ ಇಂಥ ವಾಹನಕ್ಕೆ ಮೋಟಾರ್ ಕ್ಯಾರವಾನ್ ಎಂಬ ಹೆಸರಿದೆ. ಆ ಹೆಸರಿಗೆ ಅರ್ಹವಾಗಬೇಕಾದರೆ ವಾಹನದಲ್ಲಿ ಕನಿಷ್ಠ ನಾಲ್ಕು ಅಂಗಗಳು ಇರಬೇಕು: ಕುಳಿತುಕೊಳ್ಳಲು ಆಸನ ಮತ್ತು ಮೇಜು, ಮಲಗುವ ಸ್ಥಳ, ಅಡುಗೆಯ ಅನುಕೂಲ, ಸಾಮಾನು ಇಡುವ ಕಪಾಟು. ಮಲಗುವ ಸ್ಥಳವು ಆಸನಗಳನ್ನೇ ಮಡಚಿ ಮಾಡಿದ್ದಾಗಿರಬಹುದು. ಮೇಜನ್ನು ಬೇಕೆಂದಾಗ ತೆಗೆದಿಡುವಂತಿರಬಹುದು. ಉಳಿದವು ವಾಹನಕ್ಕೆ ಭದ್ರವಾಗಿ ಜೋಡಣೆಗೊಂಡಿರಬೇಕು. ಒಳವಿನ್ಯಾಸವೆಂದರೆ ಈ ನಾಲ್ಕು ಅಂಗಗಳು ಸೀಮಿತವಾದ ನೆಲದ ಮೇಲೆ ಒಂದರ ಜಾಗವನ್ನು ಇನ್ನೊಂದು ಕಸಿದುಕೊಳ್ಳದಂತೆ ಹೊಂದಿಕೊಳ್ಳುವ ಕ್ರಮವೇ ಹೊರತು, ಪರದೆಯ ಬಣ್ಣವಾಗಲಿ ದೀಪಾಲಂಕಾರವಾಗಲಿ ಅಲ್ಲ.

ಈ ಕ್ರಮದ ಇತಿಹಾಸವನ್ನು ಗಮನಿಸಿದರೆ, ವಾಹನದ ಎಂಜಿನ್ ಎಲ್ಲಿದೆ ಎಂಬುದೇ ಹಾಸಿಗೆ ಎಲ್ಲಿರಬೇಕೆಂಬುದನ್ನು ನಿರ್ಧರಿಸಿರುವುದು ಕಂಡುಬರುತ್ತದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು 1950ರಲ್ಲಿ ತಯಾರಿಕೆ ಆರಂಭಿಸಿದ ವ್ಯಾನಿನಲ್ಲಿ ಗಾಳಿಯಿಂದ ತಂಪಾಗುವ ಎಂಜಿನ್ ಹಿಂಭಾಗದಲ್ಲಿ, ನೆಲದ ಅಡಿಯಲ್ಲಿ ಇತ್ತು. ಇದರಿಂದಾಗಿ ಹಿಂಭಾಗದಲ್ಲಿ ಎತ್ತರದ ಜಗಲಿಯಂಥ ಸ್ಥಳವೂ ನಡುವೆ ತಗ್ಗಾದ ಸಮನೆಲವೂ ದೊರೆತವು. ವೀಡನ್‌ಬ್ರೂಕ್ ಪಟ್ಟಣದ ವೆಸ್ಟ್‌ಫಾಲಿಯಾ ಸಂಸ್ಥೆಯು 1951ರಿಂದ ಈ ವ್ಯಾನಿಗೆ ಶಿಬಿರವಾಸದ ಸಜ್ಜನ್ನು ಅಳವಡಿಸತೊಡಗಿತು. ಹಿಂಬದಿಯ ಆಸನದ ಬೆನ್ನನ್ನು ಕೆಳಗೊರಗಿಸಿದಾಗ ಅದು ಎಂಜಿನ್ ಮೇಲಿನ ಜಗಲಿಯೊಂದಿಗೆ ಸೇರಿ ಉದ್ದನೆಯ ಹಾಸಿಗೆಯಾಗುವ ಏರ್ಪಾಡು ಮುಂದೆ ಈ ವ್ಯಾನುಗಳ ಗುರುತಾಗಿ ಬೆಳೆಯಿತು. ವೆಸ್ಟ್‌ಫಾಲಿಯಾದ ಬೇರೆ ಬೇರೆ ಒಳವಿನ್ಯಾಸಗಳಿಗೆ ಎಸ್‌ಒ 23, ಎಸ್‌ಒ 34, ಎಸ್‌ಒ 42 ಎಂಬಂಥ ಕ್ರಮಸಂಖ್ಯೆಗಳಿದ್ದವು. ಇಂದಿಗೂ ಯುರೋಪಿನಲ್ಲಿ ಇಂಥ ಹಳೆಯ ವ್ಯಾನನ್ನು ಕೊಳ್ಳುವವರು ಕಪಾಟುಗಳೂ ಮೇಜೂ ಆ ಸಂಖ್ಯೆಗೆ ಸೇರಿದ ಮೂಲ ವಸ್ತುಗಳೇ ಎಂದು ಪರೀಕ್ಷಿಸಿಯೇ ಬೆಲೆ ಕಟ್ಟುತ್ತಾರೆ. ಇಂಗ್ಲೆಂಡಿನ ಫೋಕ್‌ಸ್ಟನ್ ಪಟ್ಟಣದ ಮಾರ್ಟಿನ್ ವಾಲ್ಟರ್ ಸಂಸ್ಥೆಯ ಡಾರ್ಮೊಬೈಲ್ ವ್ಯಾನುಗಳು ಚಾವಣಿಯನ್ನು ಒಂದು ಬದಿಗೆ ಮೇಲಕ್ಕೆತ್ತುವ ಏರ್ಪಾಡಿಗೆ ಹೆಸರಾದವು. ನಿಂತಾಗ ತಲೆ ತಾಗದಿರಲೆಂದು ಮಾಡಿದ ಈ ಏರುಚಾವಣಿಯೂ ಬೆಲೆಯನ್ನು ಏರಿಸುವ ಅಂಶವೇ ಆಗಿದೆ.

ಭಾರತದಲ್ಲಿ ಈ ಉದ್ದೇಶಕ್ಕೆ ಒದಗುವ ಹಳೆಯ ವ್ಯಾನುಗಳ ವಂಶ ಬೇರೆ. ಪುಣೆಯ ಬಜಾಜ್ ಟೆಂಪೊ ಸಂಸ್ಥೆಯು 1969ರಲ್ಲಿ ಮೆಟಡೋರ್ ವ್ಯಾನನ್ನು ತಂದಿತು. ಕರ್ನಾಟಕದಲ್ಲಿ ಮದುವೆ ದಿಬ್ಬಣದಿಂದ ಧರ್ಮಸ್ಥಳದ ಯಾತ್ರೆಯವರೆಗೆ ಜನ ಹೋದದ್ದು ಇದರಲ್ಲಿಯೇ ಆದ್ದರಿಂದ, ಬೇರೆ ಸಂಸ್ಥೆಗಳ ವ್ಯಾನುಗಳನ್ನೂ ಮೆಟಡೋರ್ ಎಂದೇ ಕರೆಯುವ ರೂಢಿ ಉಳಿಯಿತು. ಅದೇ ಸಂಸ್ಥೆಯು 1987ರಲ್ಲಿ ಮರ್ಸಿಡಿಸ್ ವ್ಯಾನಿನ ಮಾದರಿಯನ್ನು ಆಧರಿಸಿ ಟೆಂಪೊ ಟ್ರಾವೆಲರ್ ವಾಹನವನ್ನು ಹೊರತಂದಿತು, 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂಬ ಹೆಸರು ಪಡೆಯಿತು. ಮಾರುತಿ ಸಂಸ್ಥೆಯ ಪುಟ್ಟ ವ್ಯಾನು 1984ರಲ್ಲಿ ಬಂದು, ಅನಂತರ ಓಮ್ನಿ ಎಂಬ ಹೆಸರು ತಳೆದು, 2019ರವರೆಗೆ ತಯಾರಾಯಿತು. ಟಾಟಾ ಸಂಸ್ಥೆಯ ವಿಂಗರ್ 2007ರಲ್ಲಿ ಬಂತು. ಈ ನಾಲ್ಕರ ದೇಹರಚನೆಯೂ ಒಳವಿನ್ಯಾಸಕ್ಕೆ ನಾಲ್ಕು ಬಗೆಯ ಮಿತಿಗಳನ್ನು ಒಡ್ಡುತ್ತದೆ. ಮೆಟಡೋರಿನಲ್ಲಿ ಎಂಜಿನ್ ಮುಂದಿನ ಎರಡು ಆಸನಗಳ ನಡುವೆ ಚಾಚಿಕೊಂಡಿರುವುದರಿಂದ ಚಾಲಕನ ಸ್ಥಳದಿಂದ ಹಿಂಭಾಗಕ್ಕೆ ಒಳಗಿನಿಂದಲೇ ದಾಟಿ ಬರುವುದು ಕಷ್ಟ. ಓಮ್ನಿಯಲ್ಲಿ ಎಂಜಿನ್ ಮುಂದಿನ ಆಸನದ ಅಡಿಯಲ್ಲಿದ್ದು ಹಿಂದಿನ ನೆಲವೆಲ್ಲ ತಗ್ಗಾಗಿ, ಸಮನಾಗಿ ಉಳಿಯುತ್ತದೆ. ಆದರೆ ದೂರದ ಪ್ರಯಾಣದ ಅನಂತರ ಆ ಭಾಗ ಕಾದಿರುವುದರಿಂದ ತಲೆದಿಂಬು ಹಿಂಬಾಗಿಲ ಕಡೆಗೆ ಇರುವುದೇ ಲೇಸು. ಎಂಜಿನ್ ಶಕ್ತಿಯನ್ನು ಮುಂಚಕ್ರಗಳಿಗೆ ಕೊಡುವ ವಿಂಗರಿನಲ್ಲಿ ನೆಲದ ಅಡಿ ಉದ್ದನೆಯ ತಿರುಗುದಂಡ ಹಾಯದಿರುವುದರಿಂದ ನೆಲ ತಗ್ಗಾಗಿದೆ. ಹಿಂಚಕ್ರಗಳಿಗೆ ಶಕ್ತಿ ಕೊಡುವ ಟ್ರಾವೆಲರಿನಲ್ಲಿ ನೆಲ ಎತ್ತರವಾದರೂ ಉದ್ದವೂ ಚಾವಣಿಯ ಎತ್ತರವೂ ಧಾರಾಳವಾಗಿವೆ.

ಬೆಂಗಳೂರಿನ ಪೂರ್ವ ಭಾಗದ ಕೃಷ್ಣರಾಜಪುರದ ನಿವಾಸಿಗೆ ಈ ಆಯ್ಕೆಯಲ್ಲಿ ಕೆಲವು ಸ್ಥಳೀಯ ಅನುಕೂಲಗಳೂ ತೊಡಕುಗಳೂ ಇವೆ. ಟಿನ್ ಫ್ಯಾಕ್ಟರಿಯ ಬಳಿ ಹೊರವರ್ತುಲ ರಸ್ತೆಯೂ ಹಳೆ ಮದ್ರಾಸು ರಸ್ತೆಯೂ ಕೂಡುವುದರಿಂದ ಇಲ್ಲಿಂದ ಹೊರಟ ವಾಹನ ನಗರದ ನಡುಭಾಗವನ್ನು ಹಾಯದೆಯೇ ಹೊಸಕೋಟೆ ದಾಟಿ, ಸುಮಾರು 55 ಕಿಲೋಮೀಟರ್ ದೂರದ ಕೋಲಾರವನ್ನೂ ಅಂತರಗಂಗೆಯ ಬೆಟ್ಟವನ್ನೂ ಮುಂದಿನ ಮುಳಬಾಗಿಲು, ಕುರುಡುಮಲೆ, ಆವನಿಗಳನ್ನೂ ತಲುಪಬಹುದು. ವಾಹನದ ನೋಂದಣಿಗೆ ಸಂಬಂಧಿಸಿದ ಕೆಎ-53 ಕಚೇರಿ ಈ ಭಾಗದ್ದೇ. ಕೆಎ-03 ಕಚೇರಿಯೂ ದೂರವಿಲ್ಲ. ಹಳೆಯ ಬಾಗಿಲು, ಕಿಟಕಿಯ ಗಾಜು, ಆಸನದ ಚೌಕಟ್ಟು ಮುಂತಾದವುಗಳನ್ನು ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು, ಹೊಸ ಬಿಡಿಭಾಗಗಳನ್ನು ಜೆ.ಸಿ. ರಸ್ತೆಯಲ್ಲಿ ತರಬಹುದು. ತೊಡಕೆಂದರೆ ನಿಲುಗಡೆಯದು. ಹಳೆಯ ಊರಿನ ಅಡ್ಡರಸ್ತೆಗಳಲ್ಲಿ ಉದ್ದನೆಯ ಟ್ರಾವೆಲರನ್ನು ವರ್ಷವಿಡೀ ನಿಲ್ಲಿಸಲು ಜಾಗವಿಲ್ಲದಿದ್ದರೆ ಬಾಡಿಗೆಯ ಜಾಗ ಹಿಡಿಯಬೇಕಾಗುತ್ತದೆ, ಆ ಬಾಡಿಗೆಯನ್ನೂ ವ್ಯಾನಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಓಮ್ನಿಯ ಉದ್ದ 3.37 ಮೀಟರ್ ಮಾತ್ರ ಇರುವುದರಿಂದ ಸಣ್ಣ ಕಾರು ನಿಲ್ಲುವ ಜಾಗ ಅದಕ್ಕೆ ಸಾಕಾಗುತ್ತದೆ.

ಇನ್ನು ಒಳವಿನ್ಯಾಸದ ಮುಖ್ಯ ಬಗೆಗಳನ್ನು ಒಂದೊಂದಾಗಿ ಪರಿಶೀಲಿಸಬಹುದು. ಮೊದಲನೆಯದು ಮಡಚುಹಾಸಿಗೆಯ ವಿನ್ಯಾಸ: ಹಗಲಿನಲ್ಲಿ ಮುಂದಕ್ಕೆ ಮುಖಮಾಡಿದ ಆಸನವೇ ರಾತ್ರಿ ಬಿಚ್ಚಿಕೊಂಡು ಇಬ್ಬರ ಹಾಸಿಗೆಯಾಗುತ್ತದೆ, ಒಂದು ಗೋಡೆಯ ಉದ್ದಕ್ಕೂ ಕಪಾಟು ಮತ್ತು ಒಲೆಯ ಕಟ್ಟೆ ಇರುತ್ತದೆ. ಪ್ರಯಾಣದಲ್ಲಿ ಮಕ್ಕಳು ಸೀಟ್‌ಬೆಲ್ಟ್ ಹಾಕಿ ಕುಳಿತುಕೊಳ್ಳಲು ಸಾಧ್ಯವಾಗುವುದು ಇದರ ದೊಡ್ಡ ಗುಣ. ಆದರೆ ಆಸನದ ಕೀಲುಗಳು ಪ್ರತಿ ರಾತ್ರಿ ಇಬ್ಬರ ಭಾರ ಹೊರಬೇಕಾದ್ದರಿಂದ ಒಳ್ಳೆಯ ಉಕ್ಕಿನ ಕೆಲಸ ಬೇಕಾಗುತ್ತದೆ. ಅಗ್ಗದ ಬೆಸುಗೆಯಿಂದ ಮಾಡಿದ ಚೌಕಟ್ಟು ಹಾಸಿಗೆಯಾಗಿ ಬಾಳಿದರೂ ಓಡುವ ವಾಹನದ ಆಸನವಾಗಿ ಅಪಾಯಕಾರಿಯಾಗುತ್ತದೆ.

ಎರಡನೆಯದು ಎದುರುಬದುರು ಆಸನಗಳ ವಿನ್ಯಾಸ. ನಡುವಿನ ಮೇಜನ್ನು ಆಸನಗಳ ಮಟ್ಟಕ್ಕೆ ಇಳಿಸಿ, ಮೇಲೆ ದಿಂಬುಗಳನ್ನು ಹರಡಿದರೆ ಹಾಸಿಗೆ ಸಿದ್ಧವಾಗುತ್ತದೆ. ಮಳೆಯ ಹಗಲಿನಲ್ಲಿ ಒಳಗೇ ಕುಳಿತು ಊಟಮಾಡಲು, ಓದಲು ಇದಕ್ಕಿಂತ ಹಿತವಾದ ಏರ್ಪಾಡು ಇಲ್ಲ. ಆದರೆ ದಿಂಬುಗಳ ನಡುವಣ ಸಂದುಗಳು ಬೆನ್ನಿಗೆ ಒತ್ತುವುದರಿಂದ, ಸೊಂಟನೋವಿರುವ ಹಿರಿಯರು ಇದನ್ನು ಒಪ್ಪುವ ಮುನ್ನ ಒಂದು ರಾತ್ರಿಯಾದರೂ ಮಲಗಿ ನೋಡಬೇಕು.

ಮೂರನೆಯದು ಅಡ್ಡಮಂಚದ ವಿನ್ಯಾಸ. ವಾಹನದ ಹಿಂಭಾಗದಲ್ಲಿ, ಅಗಲದ ದಿಕ್ಕಿಗೆ ಸ್ಥಿರವಾದ ಮಂಚವನ್ನು ಕಟ್ಟಿ, ಅದರ ಅಡಿಯನ್ನೆಲ್ಲ ಸಾಮಾನಿಗೆ ಬಿಡುವುದರಿಂದ ಉಳಿದ ನೆಲ ಸಂಪೂರ್ಣವಾಗಿ ತೆರವಾಗುತ್ತದೆ. ವಿದೇಶದ ಅಗಲವಾದ ವ್ಯಾನುಗಳಿಗೆ ಹೊಂದುವ ಈ ವಿನ್ಯಾಸವನ್ನು ಇಲ್ಲಿಯ ವ್ಯಾನುಗಳಿಗೆ ಕುರುಡಾಗಿ ಅಳವಡಿಸಬಾರದು. ಓಮ್ನಿಯ ಹೊರ ಅಗಲವೇ 1.41 ಮೀಟರ್, ಅಂದರೆ ಸುಮಾರು ನಾಲ್ಕೂವರೆ ಅಡಿ ಇರುವಾಗ ಅಡ್ಡಲಾಗಿ ವಯಸ್ಕರು ಕಾಲು ಚಾಚುವ ಪ್ರಶ್ನೆಯೇ ಇಲ್ಲ. ಅದಕ್ಕಿಂತ ದೊಡ್ಡ ವ್ಯಾನಿನಲ್ಲಿಯೂ ಗೋಡೆಯ ಒಳಹೊದಿಕೆಯ ದಪ್ಪವನ್ನು ಕಳೆದ ಮೇಲೆ ಎಷ್ಟು ಉಳಿಯುತ್ತದೆಂದು ಅಳತೆಪಟ್ಟಿ ಹಿಡಿದೇ ತಿಳಿಯಬೇಕು. ನಾಲ್ಕನೆಯದು ಟ್ರಾವೆಲರಿನಂಥ ಉದ್ದನೆಯ ವಾಹನಕ್ಕೆ ಒಪ್ಪುವ ಜೋಡಿಬೆಂಚಿನ ವಿನ್ಯಾಸ: ಎರಡೂ ಗೋಡೆಗಳಿಗೆ ಉದ್ದನೆಯ ಬೆಂಚುಗಳು, ನಡುವೆ ಓಡಾಡುವ ದಾರಿ, ರಾತ್ರಿ ದಾರಿಯ ಮೇಲೆ ಹಲಗೆಗಳನ್ನಿಟ್ಟರೆ ಮೂವರು ನಾಲ್ವರಿಗೆ ಅಗಲವಾದ ಹಾಸಿಗೆ. ಅಜ್ಜ ಅಜ್ಜಿಯರೂ ಜೊತೆಗೆ ಬರುವ ಕುಟುಂಬಕ್ಕೆ, ಇಬ್ಬರು ನಡುವಿನ ದಾರಿಯನ್ನು ಹಾಗೆಯೇ ಬಿಟ್ಟು ಪ್ರತ್ಯೇಕವಾಗಿ ಮಲಗಬಹುದಾದ ಈ ವಿನ್ಯಾಸವೇ ಹೆಚ್ಚು ಅನುಕೂಲಕರ. ಯಾವ ವಿನ್ಯಾಸವಾದರೂ ಪಕ್ಕದ ಬಾಗಿಲು ಎಡಗಡೆಗೆ ತೆರೆಯಬೇಕು; ರಸ್ತೆಯ ಎಡಬದಿಯಲ್ಲಿ ವಾಹನ ನಿಲ್ಲಿಸುವ ಈ ದೇಶದಲ್ಲಿ, ಬಲಗಡೆ ಬಾಗಿಲಿರುವ ವಿದೇಶಿ ವ್ಯಾನು ಇಳಿಯುವವರನ್ನು ನೇರವಾಗಿ ಓಡುವ ವಾಹನಗಳ ಎದುರಿಗೆ ತಳ್ಳುತ್ತದೆ.

ಅಡುಗೆಯ ಸ್ಥಳದ ವಿಷಯದಲ್ಲಿ ಈ ನಾಡಿನ ಹವೆಯನ್ನೂ ಅಡುಗೆಯ ಕ್ರಮವನ್ನೂ ಗಮನಿಸದೆ ಹಣ ಸುರಿಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಚಳಿಯ ದೇಶದಲ್ಲಿ ಒಲೆ ಒಳಗಿರುವುದು ಅನಿವಾರ್ಯ. ಆದರೆ ಒಗ್ಗರಣೆಯ ಹೊಗೆ, ಕುಕ್ಕರಿನ ಹಬೆ, ಮೆಣಸಿನ ಘಾಟು ಮಲಗುವ ಬಟ್ಟೆಗಳಲ್ಲಿ ನೆಲೆಸದಿರಬೇಕಾದರೆ ಇಲ್ಲಿ ಒಲೆಯು ಡಿಕ್ಕಿಯ ಬಳಿ, ಮೇಲಕ್ಕೆ ತೆರೆದ ಬಾಗಿಲಿನ ನೆರಳಿನಲ್ಲಿ, ಹೊರಗೆ ನಿಂತು ಬಳಸುವಂತಿರುವುದೇ ಮೇಲು. ಎತ್ತಿನ ಬಂಡಿಗಳಲ್ಲಿ ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಗೆ ಹೋಗುತ್ತಿದ್ದ ರೈತ ಕುಟುಂಬಗಳು ಬಂಡಿಯೊಳಗೆ ಮಲಗಿ, ಪಕ್ಕದಲ್ಲಿ ಕಲ್ಲುಹೂಡಿ ಬೇಯಿಸಿಕೊಳ್ಳುತ್ತಿದ್ದ ಪದ್ಧತಿಯಲ್ಲಿ ಇದೇ ವಿವೇಕವಿತ್ತು. ಹೊರಗಿನ ಒಲೆ ಸುರಕ್ಷತೆಯ ದೃಷ್ಟಿಯಿಂದಲೂ ಉತ್ತಮ. ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ಮೇಲೇರಿ ಕಿಟಕಿಯಿಂದ ಹೋಗದೆ ನೆಲದಲ್ಲಿ, ಸರಿಯಾಗಿ ಮಲಗುವವರ ಮಟ್ಟದಲ್ಲಿಯೇ ನಿಲ್ಲುತ್ತದೆ. ಆದಕಾರಣ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆಯುವ ಗಾಳಿಗಂಡಿ ಇರಲೇಬೇಕು. ಮುಚ್ಚಿದ ವ್ಯಾನಿನಲ್ಲಿ ಒಲೆ ಉರಿಸಿ ಮಲಗುವುದರಿಂದ ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ಅನಿಲ ತುಂಬಿಕೊಂಡು ಜೀವಕ್ಕೇ ಅಪಾಯ ಒದಗುತ್ತದೆ.

ಹಾಸಿಗೆ ಮತ್ತು ಒಲೆಯ ಅನಂತರ ಬರುವುದು ವಿದ್ಯುತ್ತು ಮತ್ತು ತೂಕ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದಲೇ ರಾತ್ರಿಯ ದೀಪ, ಫ್ಯಾನುಗಳನ್ನು ನಡೆಸಿದರೆ ಬೆಳಿಗ್ಗೆ ವಾಹನವನ್ನು ತಳ್ಳಬೇಕಾಗುವುದರಿಂದ ಎರಡನೆಯ ಬ್ಯಾಟರಿ ಬೇಕು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,200 ವಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ; ಸೀಸ-ಆಮ್ಲದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರ ಅರ್ಧವನ್ನು, ಅಂದರೆ 600 ವಾಟ್-ಗಂಟೆಯನ್ನು ಮಾತ್ರ ಬಳಸುವುದು ಕ್ಷೇಮ. 30 ವಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 240, ಐದು ವಾಟಿನ ಎರಡು ದೀಪಗಳು ನಾಲ್ಕು ಗಂಟೆ ಉರಿದರೆ 40, ಒಟ್ಟು 280 ವಾಟ್-ಗಂಟೆ ಮಾತ್ರ ಖರ್ಚಾಗುತ್ತದೆ. ಇದಕ್ಕೆ ದಿನವಿಡೀ ಸರಾಸರಿ 20 ವಾಟ್ ಎಳೆಯುವ ಸಣ್ಣ ಫ್ರಿಜ್ಜನ್ನು ಸೇರಿಸಿದೊಡನೆ ಇನ್ನೂ 480 ವಾಟ್-ಗಂಟೆ ಕೂಡಿ, ಬ್ಯಾಟರಿಯನ್ನು ಹೆಚ್ಚಿಸಬೇಕಾಗುತ್ತದೆ ಇಲ್ಲವೇ ಚಾವಣಿಗೆ ಸೌರಫಲಕ ಹಾಕಬೇಕಾಗುತ್ತದೆ. ಒಂದು ಫ್ರಿಜ್ಜಿನ ಆಸೆ ವಿದ್ಯುತ್ ವ್ಯವಸ್ಥೆಯ ಖರ್ಚನ್ನೇ ಇಮ್ಮಡಿಗೊಳಿಸಬಲ್ಲದು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ತೂಕದ ಮಾತೂ ಹೀಗೆಯೇ. 18 ಮಿಲಿಮೀಟರ್ ದಪ್ಪದ, ಎಂಟಡಿಗೆ ನಾಲ್ಕಡಿಯ ಒಂದು ಪ್ಲೈವುಡ್ ಹಾಳೆ 30 ಕಿಲೋಗಿಂತ ಹೆಚ್ಚು ತೂಗುತ್ತದೆ, 40 ಲೀಟರ್ ನೀರು 40 ಕಿಲೋ ಆಗುತ್ತದೆ. 796 ಸಿಸಿ ಎಂಜಿನ್ನಿನ ಓಮ್ನಿಯಲ್ಲಿ ಮನೆಯ ಕಪಾಟಿನಂತೆ ದಪ್ಪ ಹಲಗೆಗಳನ್ನು ಕೂಡಿಸಿದರೆ ನಂದಿಬೆಟ್ಟದ ತಿರುವುಗಳಲ್ಲಿ ಎಂಜಿನ್ನೂ ಬ್ರೇಕೂ ಅದರ ದಂಡ ತೆರಬೇಕಾಗುತ್ತದೆ. ತೆಳುವಾದ ಹಲಗೆ, ಉಕ್ಕಿನ ಹಗುರ ಕೊಳವೆ, ಬಟ್ಟೆಯ ಚೀಲಗಳೇ ಇಲ್ಲಿ ಯೋಗ್ಯ.

ಬೆಲೆಯೆಂದರೆ ಮಾರುವವನಿಗೆ ಕೊಡುವ ಮೊತ್ತ ಮಾತ್ರವಲ್ಲ. ದಾಖಲೆ, ದೇಹ, ಯಂತ್ರ, ಒಳಸಜ್ಜು ಎಂಬ ನಾಲ್ಕು ಬಾಬುಗಳ ಒಟ್ಟು ಮೊತ್ತವದು. ಇವುಗಳ ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯಬೇಕು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಗಳಿಗೆ ಸಲ್ಲುತ್ತದೆ, ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನೈದು ವರ್ಷ ಮೀರಿದ ಕಾರು, ವ್ಯಾನುಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರವು 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೂ, 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಲಘು ವಾಹನಗಳಿಗೆ 10,000 ರೂಪಾಯಿಗೂ ಏರಿಸಿತು. ಹಳದಿ ಫಲಕದ, ಅಂದರೆ ಬಾಡಿಗೆಗೆ ಓಡಿದ ಟ್ರಾವೆಲರಿಗೆ ಎಂಟು ವರ್ಷಗಳಾದ ಮೇಲೆ ಪ್ರತಿವರ್ಷ ಎಫ್‌ಸಿ, ಎಂದರೆ ವಾಹನವು ಓಡಲು ಯೋಗ್ಯವೆಂಬ ಪ್ರಮಾಣಪತ್ರ ಬೇಕು. ಅದನ್ನು ಬಿಳಿ ಫಲಕಕ್ಕೆ ಬದಲಿಸಲು ಸಾರಿಗೆ ಕಚೇರಿಯ ಅನುಮತಿಯೂ ತೆರಿಗೆಯ ಇತ್ಯರ್ಥವೂ ಅಗತ್ಯ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ವಾಹನಗಳು ದಕ್ಷಿಣಕ್ಕೆ ಅಗ್ಗವಾಗಿ ಬರುತ್ತಿರುವುದುಂಟು. ಆದರೆ ಹೊರರಾಜ್ಯದ ವಾಹನಕ್ಕೆ ಅಲ್ಲಿಯ ಕಚೇರಿಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಿದ ಮೇಲೆ ಆ ಅಗ್ಗದ ಬೆಲೆ ಹಾಗೆಯೇ ಉಳಿಯುವುದಿಲ್ಲ.

ದೇಹದ ಪರೀಕ್ಷೆಯೆಂದರೆ ತುಕ್ಕಿನ ಪರೀಕ್ಷೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲೇ ಬಾಳಿದ ವ್ಯಾನಿಗೂ ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ ಬಾಳಿದ ವ್ಯಾನಿಗೂ ಹೊರಬಣ್ಣ ಒಂದೇ ಆಗಿದ್ದರೂ ಒಳಗಿನ ತಗಡು ಒಂದೇ ಆಗಿರುವುದಿಲ್ಲ. ಚಕ್ರದ ಕಮಾನಿನ ಒಳಗಡೆ, ಜಾರುಬಾಗಿಲಿನ ಹಳಿ, ಚಾವಣಿಯ ಅಂಚಿನ ನೀರಿನ ಕಾಲುವೆ, ಮುಂಗಾಜಿನ ರಬ್ಬರಿನ ಅಡಿ, ನೆಲದ ಮ್ಯಾಟಿನ ಕೆಳಗೆ, ಈ ಐದು ಸ್ಥಳಗಳನ್ನು ಹಗಲು ಬೆಳಕಿನಲ್ಲಿ ಮ್ಯಾಟು ಎತ್ತಿ ನೋಡಬೇಕು. ಹೊಸದಾಗಿ ಒಳಸಜ್ಜು ಮಾಡಿ ಮಾರಾಟಕ್ಕಿಟ್ಟ ವ್ಯಾನಿನಲ್ಲಿ ನೆಲಹಾಸನ್ನು ಎತ್ತಲು ಮಾರುವವನು ಒಪ್ಪದಿದ್ದರೆ ಅದರ ಬೆಲೆಯನ್ನು ಬರಿಯ ವ್ಯಾನಿನ ಬೆಲೆಗಿಂತ ಹೆಚ್ಚಾಗಿ ಕಟ್ಟಬೇಕಾದ ಕಾರಣವಿಲ್ಲ. ಏಕೆಂದರೆ ಟಿಂಕರಿಂಗ್ ಕೆಲಸ ಬಂದಾಗ ಆ ಸಜ್ಜನ್ನೆಲ್ಲ ಕಿತ್ತೇ ತೀರಬೇಕಾಗುತ್ತದೆ.

ದೇಹದ ಅನಂತರ ಬ್ರೇಕು, ಟೈರುಗಳೂ ಸೇರಿದ ಯಂತ್ರದ ಬಾಬು ಬರುತ್ತದೆ. ಕೊನೆಯದಾದ ಒಳಸಜ್ಜಿನ ಖರ್ಚಿಗೆ ಕಾನೂನಿನ ಮಿತಿಯೂ ಇದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಚಾವಣಿಯನ್ನು ಕತ್ತರಿಸುವುದು, ಆಸನಗಳ ಸಂಖ್ಯೆಯನ್ನು ಬದಲಿಸುವುದು ಮುಂತಾದ ಕೆಲಸಗಳನ್ನು ಬಾಡಿ ಬಿಲ್ಡರಿಗೆ ಒಪ್ಪಿಸುವ ಮುನ್ನ ನೋಂದಣಿ ಕಚೇರಿಯಲ್ಲಿ ವಿಚಾರಿಸಬೇಕು. ಮೋಟಾರ್ ಕ್ಯಾರವಾನ್ ಎಂದೇ ಪ್ರಮಾಣೀಕರಿಸಲು ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂದಿದ್ದು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದೆ. ಆದರೆ ಅಂಥ ವಾಹನ ಮೂಲರೂಪದಲ್ಲಿಯೇ ಇರಬೇಕು, ದಿನಬಳಕೆಗೂ ವ್ಯಾಪಾರಕ್ಕೂ ಓಡುವಂತಿಲ್ಲ. ಹೀಗಾಗಿ ಹಳೆಯ ಫೋಕ್ಸ್‌ವ್ಯಾಗನ್ ಅಥವಾ ಮೊದಲ ಕಾಲದ ಮೆಟಡೋರನ್ನು ಪರಂಪರೆಯ ವಸ್ತುವಾಗಿ ಕಾಪಾಡುವುದೂ ಅದನ್ನು ರಜೆಯ ವಾಸಕ್ಕೆ ಬಳಸುವುದೂ ಒಂದೇ ವಾಹನದಲ್ಲಿ ಕೂಡಿಬರುವುದು ಕಷ್ಟ.

ಕೊಳ್ಳುವ ಮುನ್ನ ಬಾಡಿಗೆಯ ಕ್ಯಾರವಾನಿನಲ್ಲಿ ಒಂದೆರಡು ರಾತ್ರಿ ಕಳೆಯುವ ಅವಕಾಶ ಈಗ ದಕ್ಷಿಣದಲ್ಲಿ ಹೆಚ್ಚುತ್ತಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್ ಪ್ರವಾಸಕ್ಕೂ ನಿಲುಗಡೆಯ ಉದ್ಯಾನಗಳಿಗೂ ನೀತಿ ರೂಪಿಸಿತು, ಕೇರಳ ಸರ್ಕಾರ 2021ರಲ್ಲಿ ತನ್ನದೇ ಕ್ಯಾರವಾನ್ ಯೋಜನೆಯನ್ನು ಆರಂಭಿಸಿತು. ಬಾಡಿಗೆಯ ಆ ರಾತ್ರಿಗಳಲ್ಲಿ ಕುಟುಂಬಕ್ಕೆ ನಿಜವಾಗಿ ಬೇಕಾದದ್ದು ಯಾವುದು, ಮುಟ್ಟದೆಯೇ ಉಳಿದದ್ದು ಯಾವುದು ಎಂಬ ಪಟ್ಟಿಯೇ ಒಳವಿನ್ಯಾಸದ ಮೊದಲ ನಕ್ಷೆಯಾಗುತ್ತದೆ.

ಈ ಎಲ್ಲ ವಿಚಾರಗಳಿಂದ ಹೊರಡುವ ನಿರ್ಣಯ ಸರಳವಾದದ್ದು. ಒಬ್ಬರಿಗೆ ಅಥವಾ ದಂಪತಿಗೆ, ವಾರಾಂತ್ಯದ ಪ್ರವಾಸಕ್ಕೆ, ಉದ್ದಕ್ಕೆ ಹಾಸುವ ಹಗುರವಾದ ಹಾಸಿಗೆ ಮತ್ತು ಡಿಕ್ಕಿಯ ಒಲೆಯಿರುವ ಓಮ್ನಿಯಂಥ ಪುಟ್ಟ ವ್ಯಾನು ಸಾಕು. ಮುಂದಿನ ಆಸನ ಎಷ್ಟು ಮುಂದಕ್ಕೆ ಸರಿಯುತ್ತದೆಂದು ಅಳೆದು, ಎತ್ತರದ ವ್ಯಕ್ತಿಯೇ ಮಲಗಿ ನೋಡಿದ ಮೇಲೆ ಮುಂಗಡ ಕೊಡಬೇಕು. ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಬೆಲ್ಟಿರುವ ಆಸನಗಳನ್ನು ಉಳಿಸಿಕೊಂಡ ಮಡಚುಹಾಸಿಗೆಯ ವಿಂಗರ್ ಅಥವಾ ಗಿಡ್ಡ ಟ್ರಾವೆಲರ್, ಮೂರು ತಲೆಮಾರುಗಳು ಕೂಡಿ ಹೊರಡುವ ಮನೆಗೆ ಜೋಡಿಬೆಂಚಿನ ಉದ್ದ ಟ್ರಾವೆಲರ್ ಯೋಗ್ಯ. ಮೂರೂ ಸಂದರ್ಭಗಳಲ್ಲಿ ಕೈಯಲ್ಲಿರುವ ಹಣ ಮೊದಲು ದಾಖಲೆಗೆ, ಬಳಿಕ ತುಕ್ಕಿಲ್ಲದ ದೇಹಕ್ಕೆ, ಬಳಿಕ ಬ್ರೇಕು ಮತ್ತು ಟೈರುಗಳಿಗೆ, ಆಮೇಲೆ ಹಾಸಿಗೆಗೆ, ಕೊನೆಗೆ ಉಳಿದರೆ ಫ್ರಿಜ್ಜು ಮತ್ತು ಅಲಂಕಾರಕ್ಕೆ ಸಲ್ಲಬೇಕು. ಮಾರುಕಟ್ಟೆಯ ಜಾಹೀರಾತುಗಳು ಈ ಕ್ರಮವನ್ನು ತಲೆಕೆಳಗಾಗಿಸಿ ಕೊನೆಯದನ್ನೇ ಮೊದಲು ತೋರಿಸುತ್ತವೆ. ಅದನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಓದಬಲ್ಲ ಕುಟುಂಬಕ್ಕೆ, ಸಾಧಾರಣ ಬೆಲೆಯ ಹಳೆಯ ವ್ಯಾನಿನಲ್ಲಿಯೂ ನಾಡನ್ನು ನಿಧಾನವಾಗಿ, ಸ್ವತಂತ್ರವಾಗಿ ನೋಡುವ ಭಾಗ್ಯ ದೊರೆಯಬಲ್ಲದು.